ಜಾಹೀರಾತಿನ ಲೆಕ್ಕ ಹೋಯಿತು, ಕುಕಿ ಮಾತ್ರ ಉಳಿಯಿತು

ಪ್ರಶ್ನೆ: ಮೇಡಂ, ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ‘ಆಡ್ ಪ್ರೈವಸಿ’ ಅಂತ ಒಂದು ಪುಟ ನೋಡಿದ್ದೆ. ಅದರೊಳಗೆ ‘ಆಡ್ ಮೆಷರ್‌ಮೆಂಟ್’ ಅನ್ನುವ ಸ್ವಿಚ್ ಇತ್ತು. ಅದೇನು ಅಂತ ಅರ್ಥ ಆಗುವ ಮೊದಲೇ ಅದನ್ನು ತೆಗೆಯುತ್ತಿದ್ದಾರೆ ಅಂತ ಓದಿದೆ. ಖಾಸಗಿತನ ಕಾಪಾಡುವ ಸೌಲಭ್ಯ ಹೋದರೆ ನಮಗೆ ನಷ್ಟ ಅಲ್ವಾ?

ಉತ್ತರ: ನಷ್ಟ ಹೌದು. ಯಾಕೆ ಅಂತ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜಾಹೀರಾತಿಗೆ ದುಡ್ಡು ಕೊಟ್ಟವರು ಕೇಳುವುದು ಒಂದೇ ಪ್ರಶ್ನೆ. ಇದನ್ನು ನೋಡಿ ಎಷ್ಟು ಜನ ಕೊಂಡರು? ಪ್ರಶ್ನೆ ನ್ಯಾಯವಾದದ್ದೇ. ತೊಡಕು ಏನೆಂದರೆ ಜಾಹೀರಾತು ಕಾಣುವುದು ಸುದ್ದಿಯ ಸೈಟಿನಲ್ಲಿ, ಚಪ್ಪಲಿ ಕೊಳ್ಳುವುದು ಅಂಗಡಿಯ ಸೈಟಿನಲ್ಲಿ. ಎರಡೂ ಕಡೆ ಬಂದವರು ಒಬ್ಬರೇ ಅಂತ ತಿಳಿಯುವುದು ಹೇಗೆ? ಅದಕ್ಕೆ ಬಳಕೆಗೆ ಬಂದದ್ದು ಥರ್ಡ್ ಪಾರ್ಟಿ ಕುಕಿ. ಕುಕಿ ಅಂದರೆ ಸೈಟು ನಿಮ್ಮ ಬ್ರೌಸರ್‌ನಲ್ಲಿ ಇಟ್ಟುಹೋಗುವ ಗುರುತಿನ ನಂಬರ್. ಅದು ನೀವು ತೆರೆದ ಸೈಟಿನದಲ್ಲದೆ, ಆ ಪುಟದೊಳಗೆ ಸೇರಿಕೊಂಡ ಬೇರೆ ಕಂಪನಿಯದಾದರೆ ಥರ್ಡ್ ಪಾರ್ಟಿ. 1994ರಲ್ಲಿ ನೆಟ್‌ಸ್ಕೇಪ್ ಅನ್ನುವ ಬ್ರೌಸರ್ ಕಂಪನಿಯ ಲೂ ಮಾಂಟುಲಿ ಕುಕಿಯನ್ನು ಮಾಡಿದ್ದು, ಸೈಟು ತನ್ನಲ್ಲಿಗೆ ಬಂದವರನ್ನು ಗುರುತಿಟ್ಟುಕೊಳ್ಳಲಿ ಅಂತ. ಜಾಹೀರಾತು ಕಂಪನಿಗಳು ಅದನ್ನೇ ಹಿಡಿದು, ನೀವು ಹೋದಲ್ಲೆಲ್ಲ ನಿಮ್ಮ ನಂಬರ್ ಓದಲು ಶುರು ಮಾಡಿದವು.

ನಾನು ಕೆಲವು ವರ್ಷ ಸಣ್ಣ ಸೈಟುಗಳಿಗೆ ಜಾಹೀರಾತಿನ ವರದಿ ತಯಾರಿಸುವ ಕೆಲಸ ಮಾಡಿದ್ದೇನೆ. ಆ ಹಾಳೆಯಲ್ಲಿ ಒಂದೊಂದು ಸಾಲಿಗೂ ಒಂದು ಉದ್ದದ ನಂಬರ್. ಪಕ್ಕದಲ್ಲಿ ಗಂಟೆ ನಿಮಿಷ, ಫೋನಿನ ಮಾಡೆಲ್, ನೋಡಿದ ಪುಟದ ವಿಳಾಸ. ಹೆಸರು ಎಲ್ಲೂ ಇಲ್ಲ. ಆದರೆ ಒಂದೇ ನಂಬರನ್ನು ಹಿಡಿದು ಹುಡುಕಿದರೆ ರಾತ್ರಿ ಎರಡು ಗಂಟೆಗೆ ಥೈರಾಯ್ಡ್ ಬಗ್ಗೆ ಓದಿದವರು, ಮಾರನೇ ದಿನ ಸಾಲದ ಬಡ್ಡಿ ನೋಡಿದವರು, ಅದೇ ವಾರ ಕೆಲಸ ಹುಡುಕಿದವರು ಒಬ್ಬರೇ ಅಂತ ಕಾಣುತ್ತಿತ್ತು. ನನಗೆ ಬೇಕಾಗಿದ್ದದ್ದು ಎಷ್ಟು ಜನ ಕೊಂಡರು ಅನ್ನುವ ಒಂದು ಅಂಕಿ. ಕೈಗೆ ಸಿಕ್ಕಿದ್ದು ಒಬ್ಬರ ಬದುಕು. ಈ ವಿಷಯ ಬಂದಾಗ ನಾನು ಜಾಸ್ತಿ ಮಾತಾಡುವುದು ಅದಕ್ಕೇ.

ನೀವು ನೋಡಿದ ಸ್ವಿಚ್ ಹಿಂದೆ ಇದ್ದ ವ್ಯವಸ್ಥೆಯ ಹೆಸರು ಆಟ್ರಿಬ್ಯೂಷನ್ ರಿಪೋರ್ಟಿಂಗ್. ಕ್ರೋಮ್‌ನಲ್ಲಿ ಬಳಕೆಗೆ ಬಂದದ್ದು 2023ರಲ್ಲಿ. ಇದರಲ್ಲಿ ಜಾಹೀರಾತನ್ನೂ ಖರೀದಿಯನ್ನೂ ಜೋಡಿಸುತ್ತಿದ್ದದ್ದು ನಿಮ್ಮ ಬ್ರೌಸರ್ರೇ. ನೀವು ಜಾಹೀರಾತು ಒತ್ತಿದಾಗ ಅದು ತನ್ನೊಳಗೇ ಬರೆದಿಟ್ಟುಕೊಳ್ಳುತ್ತಿತ್ತು. ಮುಂದೆ ಆ ಅಂಗಡಿಯಲ್ಲಿ ಕೊಂಡಾಗ ಎರಡನ್ನೂ ತಾಳೆ ನೋಡುತ್ತಿತ್ತು. ವರದಿಯನ್ನು ಕೂಡಲೇ ಕಳಿಸುತ್ತಿರಲಿಲ್ಲ, ತಡಮಾಡಿ ಕಳಿಸುತ್ತಿತ್ತು. ಒತ್ತಿದ ಜಾಹೀರಾತಿನ ವರದಿಯಲ್ಲಿ ಖರೀದಿಯ ಬಗ್ಗೆ ಹೇಳಲು ಇದ್ದ ಜಾಗ ಮೂರು ಬಿಟ್, ಅಂದರೆ ಎಂಟು ಬಗೆ ಅಷ್ಟೇ. ಸುಮ್ನೆ ನೋಡಿದ ಜಾಹೀರಾತಿಗೆ ಒಂದೇ ಬಿಟ್. ಸಾಲದ್ದಕ್ಕೆ ಆಗೊಮ್ಮೆ ಈಗೊಮ್ಮೆ ಬೇಕೆಂದೇ ಸುಳ್ಳು ವರದಿ ಬೆರೆಸುತ್ತಿತ್ತು, ಯಾವುದೇ ಒಂದು ವರದಿಯನ್ನು ಹಿಡಿದು ‘ಇವರೇ’ ಅನ್ನಲು ಆಗದಂತೆ.

ಇದೆಲ್ಲ ಶುರುವಾದದ್ದು ಕುಕಿಯನ್ನು ಬಿಡಿಸುವ ಉದ್ದೇಶದಿಂದ. ಎರಡು ವರ್ಷದಲ್ಲಿ ಥರ್ಡ್ ಪಾರ್ಟಿ ಕುಕಿ ತೆಗೆಯುತ್ತೇವೆ ಅಂತ ಗೂಗಲ್ ಹೇಳಿದ್ದು 2020ರ ಜನವರಿಯಲ್ಲಿ. ಆಮೇಲೆ ಮುಂದೂಡುತ್ತಲೇ ಬಂತು. 2024ರ ಜುಲೈನಲ್ಲಿ ತೆಗೆಯುವ ಯೋಚನೆಯನ್ನೇ ಬಿಟ್ಟಿತು. ಹಳೇ ದಾರಿ ತೆರೆದೇ ಇರುವಾಗ ಹೊಸ ದಾರಿಗೆ ಯಾರು ಬರುತ್ತಾರೆ ಹೇಳಿ? 2025ರ ಅಕ್ಟೋಬರ್‌ನಲ್ಲಿ ಆಟ್ರಿಬ್ಯೂಷನ್ ರಿಪೋರ್ಟಿಂಗ್, ಅದರ ಜೊತೆಗೆ ಕುಕಿಯ ಬದಲಿಗೆ ಬಂದಿದ್ದ ಟಾಪಿಕ್ಸ್, ಪ್ರೊಟೆಕ್ಟೆಡ್ ಆಡಿಯನ್ಸ್ ಎಲ್ಲವನ್ನೂ ನಿಲ್ಲಿಸುತ್ತೇವೆ ಅಂತ ಹೇಳಿದಾಗ ಗೂಗಲ್ ಕೊಟ್ಟ ಕಾರಣವೂ ಅದೇ: ಬಳಸುವವರು ಕಡಿಮೆ. ಅಂದರೆ ಕುಕಿಯ ಬದಲಿಗೆ ಬಂದದ್ದು ಹೋಯಿತು, ಕುಕಿ ಉಳಿಯಿತು. ನಾನು ನಷ್ಟ ಅಂದದ್ದು ಇದಕ್ಕೆ.

ಪ್ರಶ್ನೆ: ಫೈರ್‌ಫಾಕ್ಸ್ ಕೂಡ ಇಂಥದ್ದೇ ಒಂದನ್ನು ತಂದು ಬೈಸಿಕೊಂಡಿತಲ್ಲ? ಒಳ್ಳೆಯದಾಗಿದ್ದರೆ ದೂರು ಯಾಕೆ ಬಂತು?

ಉತ್ತರ: 2024ರ ಜುಲೈನಲ್ಲಿ ಬಂದ ಫೈರ್‌ಫಾಕ್ಸ್ 128ರಲ್ಲಿ ಒಂದು ಹೊಸ ಟಿಕ್ ಗುರುತು ಇತ್ತು. ಖಾಸಗಿತನ ಕಾಪಾಡಿಕೊಂಡು ಜಾಹೀರಾತಿನ ಲೆಕ್ಕ ಇಡಲು ಸೈಟುಗಳಿಗೆ ಅನುಮತಿ ಕೊಡಿ ಅನ್ನುವ ಅರ್ಥದ್ದು. ಟಿಕ್ ಮೊದಲೇ ಹಾಕಿಟ್ಟಿತ್ತು. ಬೇಡ ಅನ್ನುವವರು ಸೆಟ್ಟಿಂಗ್ಸ್ ಒಳಗೆ ಹೋಗಿ ತೆಗೆಯಬೇಕಿತ್ತು. ಸೆಪ್ಟೆಂಬರ್‌ನಲ್ಲಿ ‘ನಾಯ್ಬ್’ ಅನ್ನುವ ಯುರೋಪಿನ ಹಕ್ಕುಗಳ ಸಂಸ್ಥೆ ಆಸ್ಟ್ರಿಯಾದ ಡೇಟಾ ರಕ್ಷಣಾ ಪ್ರಾಧಿಕಾರಕ್ಕೆ ದೂರು ಕೊಟ್ಟಿತು. ಇದು ಪ್ರಯೋಗ, ನಮ್ಮದೇ ಸೈಟಿನ ಜಾಹೀರಾತಿಗೆ ಸೀಮಿತ ಅಂತ ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಉತ್ತರಿಸಿತು.

ನನ್ನ ಅಭಿಪ್ರಾಯ ಕೇಳಿದರೆ ಲೆಕ್ಕದ ವಿಧಾನ ಬಹಳ ಒಳ್ಳೆಯದು, ನಡೆಸಿದ ರೀತಿ ತಪ್ಪು. ಮನೆಯವರನ್ನು ಕೇಳದೆ ಒಳಗೆ ಬಂದು ಕೂತವರು ಎಷ್ಟೇ ಸಭ್ಯರಾದರೂ ಮನೆಯವರಿಗೆ ಸಿಟ್ಟು ಬರುತ್ತದೆ. ಫೈರ್‌ಫಾಕ್ಸ್ ಆರಿಸಿಕೊಂಡವರಲ್ಲಿ ಬಹಳ ಜನ ಖಾಸಗಿತನಕ್ಕಾಗಿಯೇ ಬಂದವರು. ಅವರಿಗೆ ಮೊದಲ ದಿನವೇ ಒಂದು ಪುಟದಲ್ಲಿ ವಿವರಿಸಿ, ಒಪ್ಪಿಗೆ ಕೇಳಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ. ಕೇಳಿದರೆ ಯಾರೂ ಒಪ್ಪುವುದಿಲ್ಲ ಅನ್ನುವ ವಾದ ಉಂಟು. ಹಾಗಿದ್ದರೆ ಒಪ್ಪದಿರುವುದೂ ಜನರ ಉತ್ತರವೇ ಅಲ್ವಾ? ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪ್ರಶ್ನೆ: ಒಬ್ಬೊಬ್ಬರ ವಿಷಯ ಯಾರಿಗೂ ಗೊತ್ತಾಗದೆ ಒಟ್ಟು ಲೆಕ್ಕ ಮಾತ್ರ ಸಿಗುತ್ತದೆ ಅಂತಾರೆ. ಅದು ಹೇಗೆ ಸಾಧ್ಯ? ನನಗಂತೂ ನಂಬಿಕೆ ಬರಲಿಲ್ಲ.

ಉತ್ತರ: ಕಾಗದ ಪೆನ್ನು ತಗೊಳ್ಳಿ, ಮಾಡಿಯೇ ನೋಡೋಣ. ಫೈರ್‌ಫಾಕ್ಸ್‌ನ ಪ್ರಯೋಗದ ಬುಡದಲ್ಲಿ ಇದ್ದದ್ದು ಹೆನ್ರಿ ಕಾರಿಗನ್-ಗಿಬ್ಸ್ ಮತ್ತು ಡಾನ್ ಬೋನೆ 2017ರಲ್ಲಿ ಪ್ರಕಟಿಸಿದ ‘ಪ್ರಿಯೋ’ ಅನ್ನುವ ವಿಧಾನ. ಅದರ ತಿರುಳು ಇಷ್ಟು.

ಮೂರು ಜನ ಇದ್ದಾರೆ. ಕೊಂಡವರದ್ದು 1, ಕೊಳ್ಳದವರದ್ದು 0. ಎರಡು ಸರ್ವರ್ ಇವೆ, ಬೇರೆ ಬೇರೆ ಸಂಸ್ಥೆಯವು. ನಿಯಮ ಏನೆಂದರೆ, ಕೂಡಿದಾಗ ಕೊನೆಯ ಎರಡು ಅಂಕಿ ಮಾತ್ರ ಇಟ್ಟುಕೊಳ್ಳಬೇಕು.

ಮೊದಲನೆಯವರು ಕೊಂಡಿದ್ದಾರೆ. ಅವರ ಬ್ರೌಸರ್ ಮನಸ್ಸಿಗೆ ಬಂದ 37 ಅನ್ನು ಮೊದಲ ಸರ್ವರ್‌ಗೆ ಕಳಿಸುತ್ತದೆ, 64 ಅನ್ನು ಎರಡನೆಯದಕ್ಕೆ. ಕೂಡಿದರೆ 101, ಉಳಿಯುವುದು 1. ಎರಡನೆಯವರು ಕೊಂಡಿಲ್ಲ. 82 ಮತ್ತು 18. ಕೂಡಿದರೆ 100, ಉಳಿಯುವುದು 0. ಮೂರನೆಯವರು ಕೊಂಡಿದ್ದಾರೆ. 5 ಮತ್ತು 96, ಉಳಿಯುವುದು 1.

ಈಗ ಮೊದಲ ಸರ್ವರ್ ಹತ್ತಿರ ಇರುವುದು 37, 82, 5. ಇದನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಯಾರು ಕೊಂಡರು ಅಂತ ತಿಳಿಯುವುದಿಲ್ಲ. ಅದು ತನ್ನದನ್ನು ಕೂಡುತ್ತದೆ: 124, ಅಂದರೆ 24. ಎರಡನೆಯದು 64, 18, 96 ಕೂಡುತ್ತದೆ: 178, ಅಂದರೆ 78. ಕೊನೆಗೆ ಈ ಎರಡು ಮೊತ್ತ ಮಾತ್ರ ಸೇರುತ್ತವೆ. 24ಕ್ಕೆ 78 ಸೇರಿದರೆ 102, ಉಳಿಯುವುದು 2. ಇಬ್ಬರು ಕೊಂಡಿದ್ದಾರೆ. ಯಾವ ಇಬ್ಬರು ಅಂತ ಯಾರಿಗೂ ಗೊತ್ತಿಲ್ಲ. ನನಗೆ ಇದು ಮೊದಲ ಸಲ ಅರ್ಥವಾದಾಗ ಆದ ಖುಷಿ ಇನ್ನೂ ಇದೆ.

ನಿಜವಾಗಿ ಬಳಸುವಾಗ ಸಂಖ್ಯೆಗಳು ಬಹಳ ದೊಡ್ಡವು. ಯಾರಾದರೂ 1ರ ಬದಲು 1000 ತುರುಕಿ ಮೋಸ ಮಾಡದಂತೆ ಪರೀಕ್ಷೆಯೂ ಇದೆ. ಕೊನೆಯ ಮೊತ್ತಕ್ಕೂ ಸ್ವಲ್ಪ ಏರುಪೇರು ಬೆರೆಸುತ್ತಾರೆ. ನಿಮ್ಮ ಅನುಮಾನಕ್ಕೆ ಜಾಗ ಇರುವುದು ಒಂದು ಕಡೆ: ಎರಡೂ ಸರ್ವರ್‌ನವರು ಒಳಗೊಳಗೇ ಕೈ ಜೋಡಿಸಿದರೆ ಗುಟ್ಟು ರಟ್ಟಾಗುತ್ತದೆ. ಅದಕ್ಕೇ ಎರಡನ್ನೂ ಒಬ್ಬರೇ ನಡೆಸಬಾರದು. ಫೈರ್‌ಫಾಕ್ಸ್‌ನ ಪ್ರಯೋಗದಲ್ಲಿ ಒಂದು ಮೊಜಿಲ್ಲಾದ್ದು, ಇನ್ನೊಂದು ಸೈಟುಗಳಿಗೆ ಭದ್ರತಾ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಅನ್ನು ನಡೆಸುವ ಐಎಸ್‌ಆರ್‌ಜಿ ಸಂಸ್ಥೆಯದ್ದಾಗಿತ್ತು. ಕ್ರೋಮ್‌ನದು ಬೇರೆ ಬಗೆ. ಅಲ್ಲಿ ಒಟ್ಟು ಲೆಕ್ಕ ಕೂಡುತ್ತಿದ್ದದ್ದು, ನಡೆಸುವವರೂ ಒಳಗೆ ಇಣುಕಲು ಆಗದಂತೆ ಬೀಗ ಹಾಕಿದ ಕ್ಲೌಡ್ ಯಂತ್ರಗಳಲ್ಲಿ.

ಪ್ರಶ್ನೆ: ನಾನು ಸಣ್ಣ ವ್ಯಾಪಾರಿ. ಆನ್‌ಲೈನ್ ಜಾಹೀರಾತು ಕೊಡುತ್ತೇನೆ. ಗ್ರಾಹಕರ ಬೆನ್ನು ಹತ್ತುವುದು ನನಗೂ ಇಷ್ಟ ಇಲ್ಲ. ದುಡ್ಡು ದಂಡ ಆಗುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಉತ್ತರ: ನಿಮ್ಮಂಥವರು ಕೇಳಬೇಕು ಅಂತಲೇ ಕಾಯುತ್ತಿದ್ದೆ. ಕೆಲವು ದಿನ ಜಾಹೀರಾತು ನಿಲ್ಲಿಸಿ, ಮಾರಾಟ ಎಷ್ಟು ಇಳಿಯಿತು ನೋಡಿ. ಹಬ್ಬ, ರಜೆ ಇಲ್ಲದ ಮಾಮೂಲಿ ದಿನಗಳಲ್ಲಿ ಮಾಡಿ, ಇಲ್ಲದಿದ್ದರೆ ಲೆಕ್ಕ ದಾರಿ ತಪ್ಪುತ್ತದೆ. ದೊಡ್ಡ ಕಂಪನಿಗಳೂ ಇದನ್ನೇ ಮಾಡುತ್ತವೆ, ಒಂದು ಪ್ರದೇಶದಲ್ಲಿ ನಿಲ್ಲಿಸಿ ಇನ್ನೊಂದರಲ್ಲಿ ಮುಂದುವರಿಸಿ ಹೋಲಿಸುತ್ತವೆ. ಒಂದೊಂದು ಜಾಹೀರಾತಿಗೆ ಬೇರೆ ಬೇರೆ ಕೂಪನ್ ಕೋಡ್ ಕೊಡಿ. ಆರ್ಡರ್ ಫಾರಂನಲ್ಲಿ ‘ನಮ್ಮ ಬಗ್ಗೆ ಎಲ್ಲಿ ತಿಳಿಯಿತು?’ ಅಂತ ಒಂದು ಸಾಲು ಕೇಳಿ. ಉತ್ತರಿಸುವುದು ಬಿಡುವುದು ಅವರಿಷ್ಟ.

ಜಾಹೀರಾತು ಕಂಪನಿ ಕೊಟ್ಟ ಪ್ರೋಗ್ರಾಂ ಕೋಡನ್ನು ನಿಮ್ಮ ಸೈಟಿಗೆ ಅಂಟಿಸುವ ಮುಂಚೆ ಮಾತ್ರ ಯೋಚಿಸಿ. ನಿಮ್ಮ ಗ್ರಾಹಕರ ನಂಬರನ್ನು ಹೊರಗೆ ದಾಟಿಸುವುದು ಅದೇ. ಎಲ್ಲ ಬ್ರೌಸರ್‌ಗಳಿಗೂ ಹೊಂದುವ ಒಂದೇ ಮಾನದಂಡಕ್ಕಾಗಿ, ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯಲ್ಲಿ ಒಂದು ಗುಂಪು ಕೆಲಸ ಮಾಡುತ್ತಿದೆ. ತಾವು ಕಲಿತದ್ದನ್ನು ಅಲ್ಲಿಗೆ ಕೊಡುತ್ತೇವೆ ಅಂತ ಗೂಗಲ್ ಕೂಡ ಹೇಳಿದೆ. ಅದು ಬಳಕೆಗೆ ಬರಲಿ ಅಂತ ನಾನು ಮನಸಾರೆ ಬಯಸುತ್ತೇನೆ. ಈ ಸಲ ನಮ್ಮನ್ನು ಕೇಳಿ ಬರಲಿ.

ಪ್ರಶ್ನೆ: ಇದೆಲ್ಲ ಸರಿ, ಈಗ ನಾನು ಏನು ಒತ್ತಬೇಕು ಹೇಳಿ.

ಉತ್ತರ: ಕ್ರೋಮ್ ಆದರೆ ಸೆಟ್ಟಿಂಗ್ಸ್, ಪ್ರೈವಸಿ ಆಂಡ್ ಸೆಕ್ಯೂರಿಟಿ, ಅದರೊಳಗೆ ಥರ್ಡ್ ಪಾರ್ಟಿ ಕುಕೀಸ್. ಅಲ್ಲಿ ಬ್ಲಾಕ್ ಮಾಡಿ. ಯಾವುದಾದರೂ ಸೈಟಿನಲ್ಲಿ ಲಾಗಿನ್ ತೊಂದರೆ ಕೊಟ್ಟರೆ ಅದೊಂದಕ್ಕೆ ಮಾತ್ರ ಅನುಮತಿ ಕೊಡಿ. ಸಫಾರಿ 2020ರಿಂದಲೇ ಇವನ್ನು ತಡೆಯುತ್ತಿದೆ. ಫೈರ್‌ಫಾಕ್ಸ್ 2022ರಿಂದ ಎಲ್ಲರಿಗೂ ಒಂದೊಂದು ಸೈಟಿನ ಕುಕಿಯನ್ನು ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತಿದೆ. ಕುಕಿ ತಡೆದರೂ, ಎಲ್ಲ ಕಡೆ ಒಂದೇ ಇಮೇಲ್ ಕೊಟ್ಟು ಲಾಗಿನ್ ಆದರೆ ಅದನ್ನೇ ಹಿಡಿದು ನಿಮ್ಮನ್ನು ಜೋಡಿಸಬಹುದು. ಸುಮ್ನೆ ಓದಲು ಹೋದ ಕಡೆ ಇಮೇಲ್ ಕೇಳಿದರೆ ಕೊಡಬೇಡಿ.