ಕಾವೇರಿಯಲ್ಲಿ ಗಾಳದ ಟೂರ್ನಮೆಂಟ್ ಮಾಡಬಹುದಾ ಅಂತ ಕೇಳಿದವರಿಗೆ, ಹನೂರು ಕಡೆಯಿಂದ

ಮೊದಲು ಉತ್ತರ ಹೇಳಿಬಿಡುತ್ತೇನೆ: ಆಗಲ್ಲ. ನದಿಯಲ್ಲಂತೂ ಆಗಲ್ಲ. ನೀವು ಕೇಳಿದ್ದು ಗೆಳೆಯರನ್ನೆಲ್ಲ ಕರೆದುಕೊಂಡು ಬಂದು ನಮ್ಮ ಕಡೆ ಒಂದು ದಿನದ ಫಿಶಿಂಗ್ ಸ್ಪರ್ಧೆ ಮಾಡಬಹುದಾ, ಹಿಡಿದ ಮೀನನ್ನು ಅಳೆದು ಫೋಟೊ ತೆಗೆದು ವಾಪಸ್ ನೀರಿಗೇ ಬಿಡುತ್ತೇವಲ್ಲ, ಅದಕ್ಕೆ ಯಾರ ಪರ್ಮಿಷನ್ ಬೇಕು ಅಂತ. ವಾಪಸ್ ಬಿಡುತ್ತೀರಿ ಅನ್ನೋದು ನಿಮಗೆ ದೊಡ್ಡ ವಿಷಯ. ಇಲ್ಲಿ ಅದನ್ನು ಯಾರೂ ಕೇಳಲ್ಲ. ಎಲ್ಲಿ ನಿಂತು ಗಾಳ ಹಾಕಿದಿರಿ ಅನ್ನೋದನ್ನು ಕೇಳುತ್ತಾರೆ.

ಅದಕ್ಕೆ ಸ್ವಲ್ಪ ಜಾಗದ ಪರಿಚಯ ಬೇಕು. ಮೇಕೆದಾಟು ದಾಟಿದ ಮೇಲೆ ಕಾವೇರಿ ಸುಮಾರು 64 ಕಿಲೋಮೀಟರ್ ಎರಡು ರಾಜ್ಯದ ಗಡಿಯಾಗಿ ಹರಿಯುತ್ತದೆ. ಬಲದಂಡೆ ನಮ್ಮದು, ಚಾಮರಾಜನಗರ ಜಿಲ್ಲೆ. ಎಡದಂಡೆ ತಮಿಳುನಾಡಿನ ಕೃಷ್ಣಗಿರಿ, ಧರ್ಮಪುರಿ. ಹೊಗೇನಕಲ್ ಫಾಲ್ಸ್ ಹತ್ತಿರ ನಿಂತರೆ ಈ ಬಂಡೆ ಕರ್ನಾಟಕ, ಆ ಬಂಡೆ ತಮಿಳುನಾಡು. ನಡುವೆ ಬೇಲಿ ಇಲ್ಲ, ಗೆರೆ ಇಲ್ಲ, ನೀರು ಮಾತ್ರ. ಗೋಪಿನಾಥಂ, ಆಲಂಬಾಡಿ ಕಡೆ ಹೋದರೆ ಊರು ಕರ್ನಾಟಕದ್ದು, ಮನೆಮಾತು ಹೆಚ್ಚಾಗಿ ತಮಿಳು, ಬೈಗುಳಕ್ಕೆ ಎರಡೂ ಭಾಷೆ. ಇದರಲ್ಲಿ ಆಶ್ಚರ್ಯ ಏನಿಲ್ಲ. 1956ರವರೆಗೆ ನಮ್ಮ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು, ಹನೂರು ಅದರೊಳಗೇ. ಹೆಣ್ಣು ಕೊಡೋದು ತರೋದು ಇವತ್ತಿಗೂ ಎರಡೂ ಕಡೆ ನಡೆಯುತ್ತದೆ.

ಈಗ ಎರಡೂ ದಡ ಅಭಯಾರಣ್ಯ. ನಮ್ಮ ಕಡೆ ಕಾವೇರಿ ವನ್ಯಜೀವಿ ಧಾಮ 1987ರಲ್ಲಿ ಆಯಿತು, ಆಮೇಲೆ ವಿಸ್ತರಿಸಿ ಸಾವಿರ ಚದರ ಕಿಲೋಮೀಟರ್ ದಾಟಿತು. ಅದಕ್ಕೆ ಅಂಟಿಕೊಂಡು ಮಲೆ ಮಹದೇಶ್ವರ ವನ್ಯಜೀವಿ ಧಾಮ, ಅದು 2013ರದ್ದು. ಆ ಕಡೆ ತಮಿಳುನಾಡು 2014ರಲ್ಲಿ ಕಾವೇರಿ ಉತ್ತರ, 2022ರಲ್ಲಿ ಕಾವೇರಿ ದಕ್ಷಿಣ ಅಂತ ಎರಡು ಅಭಯಾರಣ್ಯ ಘೋಷಿಸಿತು. ಈ ದಡದಲ್ಲಿ ಬೇಡ ಅಂದರೆ ಆ ದಡಕ್ಕೆ ಹೋಗಿ ಗಾಳ ಹಾಕೋಣ ಅನ್ನುವ ದಾರಿಯೂ ಹೀಗೆ ಮುಚ್ಚಿತು. ವನ್ಯಜೀವಿ ಕಾಯ್ದೆ 1972ರದ್ದು, ಎರಡೂ ರಾಜ್ಯಕ್ಕೆ ಒಂದೇ. ಅಭಯಾರಣ್ಯದ ಒಳಗೆ ಕಾಲಿಡೋಕೇ ಅನುಮತಿ ಬೇಕು. ಅಲ್ಲಿಂದ ಯಾವ ಜೀವಿಯನ್ನೂ ತೆಗೆಯುವಂತಿಲ್ಲ ಅನ್ನೋದು 29ನೇ ಸೆಕ್ಷನ್. ಬೇಟೆ ಅನ್ನೋದಕ್ಕೆ ಕಾಯ್ದೆ ಕೊಡುವ ಅರ್ಥದಲ್ಲಿ ಕೊಲ್ಲುವುದರ ಜೊತೆಗೆ ಹಿಡಿಯುವುದೂ ಸೇರಿದೆ, ಆಸೆ ತೋರಿಸಿ ಎಳೆಯುವುದೂ ಸೇರಿದೆ. ಗಾಳಕ್ಕೆ ಸಿಕ್ಕಿಸಿದ ರಾಗಿ ಉಂಡೆ ಮತ್ತೇನು ಮಾಡುತ್ತದೆ ಹೇಳಿ?

ಆದರೆ ಹಿಂದೆ ಹಿಡೀತಿದ್ದರಲ್ಲ ಅಂತ ನೀವು ಕೇಳುತ್ತೀರಿ. ಹೌದು, ಹಿಡೀತಿದ್ದರು, ಪ್ರಪಂಚದ ಮೂಲೆಮೂಲೆಯಿಂದ ಬಂದು ಹಿಡೀತಿದ್ದರು. ಮಹಶೀರ್ ಅಂತ ನೀವು ಕರೆಯುವ ದೊಡ್ಡ ನದಿ ಮೀನು ನಮಗೆ ಬಿಳಿಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡ್ ತೂಕದ್ದನ್ನು ಎತ್ತಿದ್ದರು, ಸುಮಾರು 54 ಕಿಲೋ. ಆಮೇಲೆ ಬಹಳ ಕಾಲ ಈ ಮೀನಿನ ಸುದ್ದಿಯೇ ಇರಲಿಲ್ಲ. 1970ರ ದಶಕದ ಕೊನೆಗೆ ಇಂಗ್ಲೆಂಡಿನ ಕೆಲವು ಗಾಳದವರು ಹುಡುಕಿಕೊಂಡು ಬಂದರು, ಮತ್ತೆ ಹೆಸರಾಯಿತು. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಕ್ಯಾಂಪುಗಳು ನಡೆದಿದ್ದು ಇದರ ಮೇಲೆಯೇ.

ಆ ಕ್ಯಾಂಪುಗಳಲ್ಲಿ ಸಾಹೇಬರ ಪಕ್ಕ ತೆಪ್ಪದಲ್ಲಿ ಕೂರುತ್ತಿದ್ದ ಗಿಲ್ಲಿಗಳು, ಅಂದರೆ ಗಾಳದವರ ಸಹಾಯಕರು, ಸುತ್ತಮುತ್ತಲ ಹಳ್ಳಿಯವರು. ಅದರಲ್ಲಿ ಕೆಲವರು ಹಿಂದೆ ತೋಟೆ ಸಿಡಿಸಿ ಮೀನು ಹಿಡಿದವರೇ. ನದಿಯ ಮಡು ಎಲ್ಲಿ, ಬಂಡೆ ಎಲ್ಲಿ, ಸುಳಿ ಎಲ್ಲಿ ಅನ್ನೋದು ಅವರಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ರಾಗಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ವಾಸನೆಗೆ ಒಂದಿಷ್ಟು ಮಸಾಲೆ ಸೇರಿಸಿ, ಉಂಡೆ ಕಟ್ಟಿ ಕುದಿಯುವ ನೀರಿಗೆ ಹಾಕುತ್ತಾರೆ. ಹೊರಗೆ ರಬ್ಬರಿನ ಹಾಗೆ ಗಟ್ಟಿಯಾಗಬೇಕು, ಒಳಗೆ ಮೆತ್ತಗಿರಬೇಕು. ಇಲ್ಲದಿದ್ದರೆ ಚಿಕ್ಕ ಮೀನುಗಳು ಕಚ್ಚಿ ಕಚ್ಚಿ ಐದು ನಿಮಿಷದಲ್ಲಿ ಬರೀ ಗಾಳ ಉಳಿಸುತ್ತವೆ. ದಾರಕ್ಕೆ ಸೀಸದ ಪಟ್ಟಿಯನ್ನು ಸುಮ್ನೆ ಸುತ್ತಿಬಿಡುತ್ತಾರೆ, ಗಂಟು ಹಾಕಲ್ಲ. ಬಂಡೆ ಸಂದಿಗೆ ಸಿಕ್ಕಿಕೊಂಡರೆ ಸೀಸ ಮಾತ್ರ ಕಳಚಿ ಹೋಗಬೇಕು, ಮೀನು ಹೋಗಬಾರದು ಅಂತ. ಮೀನು ಬಂದ ಮೇಲೆ ತೂಕ, ಫೋಟೊ. ಆಮೇಲೆ ಗಿಲ್ಲಿ ಮೊಣಕಾಲುದ್ದ ನೀರಿಗೆ ಇಳಿದು ಅದರ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದುಕೊಂಡು ನಿಲ್ಲುತ್ತಾನೆ, ಕಿವಿರಿನೊಳಗೆ ನೀರು ಹಾದು ಬಾಲಕ್ಕೆ ಜೀವ ಬರುವ ತನಕ. ಬಿಡುವ ಆ ಹೊತ್ತಿನಲ್ಲಿ ಅವಸರ ಮಾಡಿದರೆ ಮೀನು ಕಣ್ಣೆದುರಿಗೆ ಈಜಿಕೊಂಡು ಹೋಗಿ ಮುಂದಿನ ಮಡುವಿನಲ್ಲಿ ಸಾಯುತ್ತದೆ. ನಿಮ್ಮ ಟೂರ್ನಮೆಂಟಲ್ಲಿ ಗಡಿಯಾರ ಓಡುತ್ತಿರುವಾಗ ಅಷ್ಟು ಹೊತ್ತು ನೀರಲ್ಲಿ ನಿಲ್ಲುವವರು ಎಷ್ಟು ಜನ ಸಿಗುತ್ತಾರೆ?

2010ರ ಆಸುಪಾಸಿನಲ್ಲಿ ಕೇಂದ್ರದಿಂದ ಸೂಚನೆ ಬಂತು, ಅಭಯಾರಣ್ಯದೊಳಗೆ ಗಾಳವೂ ಬೇಟೆಯೇ ಅಂತ. 2012ರ ಹೊತ್ತಿಗೆ ಎಲ್ಲ ನಿಂತಿತು. ಅಲ್ಲಿಂದ ಶುರುವಾದ ಜಗಳ ಇವತ್ತಿಗೂ ಮುಗಿದಿಲ್ಲ. ಗಾಳದವರು ಹೇಳುವುದು: ನಾವು ದಡದಲ್ಲಿದ್ದಾಗ ತೋಟೆ ಹಾಕುವವರು ಹತ್ತಿರ ಸುಳಿಯುತ್ತಿರಲಿಲ್ಲ, ಈಗ ನದಿಗೆ ಕಾವಲೇ ಇಲ್ಲ. ಅರಣ್ಯ ಇಲಾಖೆ ಹೇಳುವುದು: ಆನೆ, ನೀರುನಾಯಿ, ಮೊಸಳೆ ಇರುವ ಜಾಗದಲ್ಲಿ ದುಡ್ಡಿದ್ದವರಿಗೊಂದು ಕಾನೂನು, ಬಲೆಯವನಿಗೊಂದು ಕಾನೂನು ಮಾಡೋಕಾಗಲ್ಲ. ನನ್ನನ್ನು ಕೇಳಿದರೆ ಇಲಾಖೆಯ ಮಾತೇ ಸರಿ. ಆದರೆ ಗಿಲ್ಲಿಗಳಿಗೆ ಬದಲಿ ಕೆಲಸ ಕೊಡದೆ ಬಾಗಿಲು ಹಾಕಿದ್ದು ತಪ್ಪು. ನದಿ ಬಲ್ಲವನನ್ನು ಕೂಲಿಗೆ ಕಳಿಸಿ, ನದಿ ನೋಡದವನನ್ನು ವಾಚರ್ ಮಾಡಿದರೆ ಏನಾಗುತ್ತದೋ ಅದೇ ಆಯಿತು.

ಇದರಲ್ಲೊಂದು ವಿಚಿತ್ರ ಇದೆ, ಗಾಳದವರಿಗೆ ಹೇಳಿದರೆ ಮುಖ ಸಣ್ಣದಾಗುತ್ತದೆ. ಕಾವೇರಿಯ ಮೂಲ ದೈತ್ಯ ಅಂದರೆ ಬೆನ್ನು ಗೂನಿರುವ, ಕಿತ್ತಳೆ ರೆಕ್ಕೆಯ ಬಿಳಿಮೀನು. ಅದು ಟಾರ್ ರೆಮದೇವಿ ಅನ್ನುವ ಜಾತಿ ಅಂತ ವಿಜ್ಞಾನಿಗಳು ಖಚಿತ ಮಾಡಿದ್ದು 2018ರಲ್ಲಿ. ಅದೇ ವರ್ಷ ಅದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿಸಿದರು. ಹೆಸರು ಗೊತ್ತಾಗುವ ಹೊತ್ತಿಗೆ ಮೀನೇ ಹೊರಡುವ ಹಂತಕ್ಕೆ ಬಂದಿತ್ತು. ಯಾಕೆ ಅಂದರೆ ತೋಟೆ, ಅಣೆಕಟ್ಟು, ಮರಳು ಎಲ್ಲ ಇದೆ, ಜೊತೆಗೆ ಇನ್ನೊಂದೂ ಇದೆ. 1970ರ ದಶಕದಿಂದ ಮಹಾರಾಷ್ಟ್ರದ ಲೋಣಾವಳದ ಟಾಟಾ ಮೀನುಮರಿ ಕೇಂದ್ರದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಮೀನು ಕಡಿಮೆಯಾಗಿದೆ, ಹೆಚ್ಚಿಸೋಣ ಅನ್ನುವ ಒಳ್ಳೆ ಮನಸ್ಸಿನಿಂದಲೇ ಬಿಟ್ಟರು, ಗಾಳದವರೂ ಖುಷಿಯಿಂದ ಒಪ್ಪಿದರು. ಅದು ಇಲ್ಲಿಯ ಮೀನಲ್ಲ. ಬಂದ ನೆಂಟ ಮನೆಯವರನ್ನೇ ಹೊರಗೆ ಹಾಕಿದಂತಾಯಿತು.

ಇದು ಗೊತ್ತಾಗಿದ್ದು ಹೇಗೆ ಅಂತೀರಾ? ಗಾಳಿಬೋರೆ ಕ್ಯಾಂಪಿನ ರಿಜಿಸ್ಟರ್ ಪುಸ್ತಕದಿಂದ. 1998ರಿಂದ 2012ರವರೆಗೆ ಬಂದವರು ಎಷ್ಟು ಗಂಟೆ ಗಾಳ ಹಾಕಿದರು, ಏನು ಸಿಕ್ಕಿತು, ಎಷ್ಟು ತೂಕ ಅಂತ ಬರೆದಿಟ್ಟಿದ್ದರು. ಸಂಶೋಧಕರು ಕೂತು ಲೆಕ್ಕ ಹಾಕಿದಾಗ 23,620 ಗಂಟೆಗಳಲ್ಲಿ 6,161 ಮಹಶೀರ್, ದೊಡ್ಡದು 46.8 ಕಿಲೋ. ವರ್ಷದಿಂದ ವರ್ಷಕ್ಕೆ ಸಿಗುವ ಮೀನು ಜಾಸ್ತಿಯಾಗುತ್ತಾ ಹೋಗಿತ್ತು, ಗೂನು ಬೆನ್ನಿನದು ಮಾತ್ರ ಕಡಿಮೆಯಾಗುತ್ತಾ ಹೋಗಿತ್ತು. ಗಾಳ ನಿಂತಿತು, ರಿಜಿಸ್ಟರೂ ನಿಂತಿತು. ಈ ವಿಷಯದಲ್ಲಿ ಗಾಳದವರ ಕೊರಗು ನ್ಯಾಯವಾದದ್ದೇ.

ಇನ್ನು ಗಡಿಯ ಜಗಳದ ವಿಷಯ. ಹೊರಗಿನವರು ಇದನ್ನು ಕನ್ನಡ-ತಮಿಳು ಜಗಳ ಅಂದುಕೊಳ್ಳುತ್ತಾರೆ, ಟಿವಿಯವರೂ ಹಾಗೇ ತೋರಿಸುತ್ತಾರೆ. ದಿನನಿತ್ಯ ನಡೆಯುವುದು ಬೇರೆ. ಕೆಳಗೆ ಮೆಟ್ಟೂರು ಡ್ಯಾಮಿನ ಹಿನ್ನೀರು, ಪಾಲಾರ್ ಹೊಳೆ ಕಾವೇರಿಗೆ ಸೇರುವ ಅಡಿಪಾಲಾರ್ ತನಕ ಬರುತ್ತದೆ. ಡ್ಯಾಮು 1934ರದ್ದು, ತಮಿಳುನಾಡಿನದ್ದು. ಅಲ್ಲಿಯ ಮೀನುಗಾರರಿಗೆ ಅವರ ಸರ್ಕಾರದ ಲೈಸೆನ್ಸ್ ಇದೆ. ನೀರು ಏರಿದಾಗ ಮೀನು ಮೇಲಕ್ಕೆ ಬರುತ್ತದೆ, ಬಲೆಯೂ ಮೇಲಕ್ಕೆ ಬರುತ್ತದೆ. ಲೈಸೆನ್ಸ್ ಇರುವವನೇ ಒಂದು ತಿರುವು ದಾಟಿದರೆ ನಮ್ಮ ಅಭಯಾರಣ್ಯದೊಳಗಿನ ಅಪರಾಧಿ. ಕತ್ತಲಲ್ಲಿ ಆ ತಿರುವು ಯಾವುದು ಅಂತ ಹೇಳೋರು ಯಾರು?

2023ರ ಫೆಬ್ರವರಿಯಲ್ಲಿ ನಮ್ಮ ಅರಣ್ಯ ಸಿಬ್ಬಂದಿ ರಾತ್ರಿ ಗುಂಡು ಹಾರಿಸಿದರು. ಕೆಲವು ದಿನದ ಮೇಲೆ ಆ ಕಡೆಯ ಗೋವಿಂದಪಾಡಿಯ ಒಬ್ಬನ ಶವ ಪಾಲಾರಿನಲ್ಲಿ ತೇಲಿತು. ಜಿಂಕೆ ಬೇಟೆಗೆ ಬಂದಿದ್ದರು ಅಂತ ಇಲಾಖೆ, ಮೀನು ಹಿಡಿಯೋಕೆ ಹೋಗಿದ್ದರು ಅಂತ ಊರಿನವರು. ಗಡಿಯಲ್ಲಿ ಪೊಲೀಸ್ ಪಹರೆ ಬಂತು, ಬಸ್ಸು ನಿಂತಿತು. ಮಾದಪ್ಪನ ಬೆಟ್ಟಕ್ಕೆ ಮೆಟ್ಟೂರು ಕಡೆಯಿಂದ ಬರುವ ಭಕ್ತರು ದಾರಿಯಲ್ಲಿ ಉಳಿದರು. ಅಂಥ ಜಾಗಕ್ಕೆ ನೀವು ಜೀಪು ತುಂಬಾ ರಾಡ್ ಕಟ್ಟಿಕೊಂಡು, ಹಣೆಗೆ ಟಾರ್ಚ್ ಹಾಕಿಕೊಂಡು, ಬೆಳಗಿನ ಜಾವ ನಾಲ್ಕು ಗಂಟೆಗೆ ಬಂದು ನಿಲ್ಲುತ್ತೀರಿ ಅಂದುಕೊಳ್ಳಿ. ನಿಮ್ಮನ್ನು ಹಿಡಿದರೂ ಹೇಗೋ ಬಿಡಿಸಿಕೊಂಡು ಬೆಂಗಳೂರಿಗೆ ಹೋಗುತ್ತೀರಿ. ನಿಮಗೆ ದಾರಿ ತೋರಿಸಿದ ಹುಡುಗ ಇಲ್ಲೇ ಇರಬೇಕು. ಅವನ ಮೇಲಿನ ಕೇಸು ವರ್ಷಗಟ್ಟಲೆ ಕೊಳ್ಳೇಗಾಲದ ಕೋರ್ಟಿನಲ್ಲಿ ಓಡಾಡಿಸುತ್ತದೆ. ನಮ್ಮ ಊರಿನ ಹುಡುಗರು ದುಡ್ಡಿನ ಆಸೆಗೆ ಒಪ್ಪಿಕೊಳ್ಳುತ್ತಾರೆ, ನೀವಾಗೇ ಕೇಳಬೇಡಿ.

ಹಾಗಾದರೆ ಕೆರೆ, ಡ್ಯಾಮು? ಗುಂಡಾಲ್ ಇದೆ, ಉಡುತೊರೆ ಇದೆ. ಅಲ್ಲಿ ಅಭಯಾರಣ್ಯದ ತೊಂದರೆ ಇಲ್ಲ ಅಂತ ನೆಮ್ಮದಿಯಾಗಿ ಬಂದವರು ಬೇರೆ ಜಗಳಕ್ಕೆ ಬೀಳುತ್ತಾರೆ. ಕೆರೆಯ ಮೀನು ಗುತ್ತಿಗೆಗೆ ಹೋಗಿರುತ್ತದೆ. ಗುತ್ತಿಗೆದಾರ ದುಡ್ಡು ಕೊಟ್ಟು ಕಾಟ್ಲಾ, ರೋಹು ಮರಿ ಬಿಟ್ಟಿರುತ್ತಾನೆ. ಅವನ ಕಣ್ಣಿಗೆ ನಿಮ್ಮ ಹದಿನೈದು ಸಾವಿರದ ರೀಲೂ ಒಂದೇ, ಊರ ಹುಡುಗನ ಬಿದಿರು ಕೋಲೂ ಒಂದೇ, ಎರಡೂ ಕಳ್ಳತನ. ನಾನು ಕಣ್ಣಾರೆ ನೋಡಿದ್ದೇನೆ, ಬೆಂಗಳೂರಿನ ಒಂದು ಗುಂಪು ಕೊರವ ಮೀನಿಗೆ ಅಂತ ರಬ್ಬರ್ ಕಪ್ಪೆ ಎಸೆಯುತ್ತಾ ಕೂತಿತ್ತು. ಕೆರೆ ಕಾವಲಿನವನು ಬಂದು, ಯಾರ್ನ ಕೇಳಿ ಬಂದ್ರಿ ಅಂದ. ನಾವು ಕ್ಯಾಚ್ ಅಂಡ್ ರಿಲೀಸ್ ಅಣ್ಣ ಅಂದರು ಇವರು. ಅವನು ಪಕ್ಕದಲ್ಲಿದ್ದ ಐಸ್ ಬಾಕ್ಸಿನ ಮುಚ್ಚಳ ತೆಗೆದ. ಒಳಗೆ ನಾಲ್ಕು ಜಿಲೇಬಿ ಮೀನು. ಇದನ್ನ ಯಾವಾಗ ರಿಲೀಸ್ ಮಾಡ್ತೀರಾ ಅಂದ. ಆಮೇಲೆ ಮಾತಿಗೆ ಮಾತು ಬೆಳೆದು, ಗಾಡಿ ಕೀ ಕಿತ್ತುಕೊಂಡು, ಕೊನೆಗೆ ಪಂಚಾಯಿತಿ ಸದಸ್ಯರು ಬಂದು ಬಿಡಿಸಬೇಕಾಯಿತು.

ಗಾಳದವರ ಒಳಗೊಳಗೇ ನಡೆಯುವುದು ಇನ್ನೊಂದು ಥರ. ವಾಪಸ್ ಬಿಡುವವರಿಗೆ ತಿನ್ನುವವರನ್ನು ಕಂಡರೆ ಆಗಲ್ಲ, ಜಾಗ ಗುಟ್ಟಾಗಿಡುವವರಿಗೆ ವಿಡಿಯೊ ಹಾಕುವವರನ್ನು ಕಂಡರೆ ಆಗಲ್ಲ. ನಮ್ಮ ಕಡೆಯವನು ಎರೆಹುಳು ಸಿಕ್ಕಿಸಿ ಸಂಜೆ ಸಾರಿಗೆ ನಾಲ್ಕು ಗೆಂಡೆ ಹಿಡಿದರೆ ಅವನಿಗೆ ಪರಿಸರದ ಪಾಠ ಹೇಳುತ್ತಾರೆ. ತಿನ್ನೋಕೆ ಹಿಡಿದವನು ಕಳ್ಳ, ಫೋಟೊಗೆ ಹಿಡಿದವನು ಕ್ರೀಡಾಪಟು. ಈ ಲೆಕ್ಕ ನಮಗೆ ಹತ್ತಲ್ಲ, ಅದನ್ನು ಇಲ್ಲಿ ಬಂದು ಹೇಳಬೇಡಿ.

ಸ್ಪರ್ಧೆ ಮಾಡಲೇಬೇಕು ಅಂದರೆ ಸ್ವಂತ ಕೊಳ ಇಟ್ಟುಕೊಂಡು ಕಾಸು ತೆಗೆದುಕೊಂಡು ಬಿಡುವವರು ಬೆಂಗಳೂರಿನ ಸುತ್ತಲೇ ಇದ್ದಾರೆ, ಅಲ್ಲಿ ಮಾಡಿ. ಬರೀ ಮಹಶೀರ್ ಹಿಡಿಯುವ ಆಸೆ ಇದ್ದರೆ ಕೊಡಗಿನ ವಾಲ್ನೂರಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ನೋಡಿಕೊಳ್ಳುವ ಕಾವೇರಿಯ ಭಾಗ ಇದೆ, ಅಭಯಾರಣ್ಯದ ಹೊರಗೆ, ಮೊದಲು ಅವರನ್ನು ಕೇಳಿ. ತೂಕದ ಸ್ಪರ್ಧೆ ಮಾತ್ರ ಇಡಬೇಡಿ, ಉದ್ದ ಅಳೆಯಿರಿ. ಅಮೆರಿಕದ ಓಹಾಯೋದಲ್ಲಿ 2022ರಲ್ಲಿ ಒಂದು ದೊಡ್ಡ ಟೂರ್ನಮೆಂಟಲ್ಲಿ ಗೆದ್ದವರ ಮೀನಿನ ಹೊಟ್ಟೆ ಸೀಳಿದಾಗ ತೂಕ ಹೆಚ್ಚಿಸೋಕೆ ತುರುಕಿದ್ದ ಸೀಸದ ಗುಂಡುಗಳು ಉದುರಿದವು, ಕೇಸಾಗಿ ಜೈಲೂ ಆಯಿತು. ಬಹುಮಾನದ ಮೊತ್ತ ಏರಿದ ಹಾಗೆಲ್ಲ ಸೀಸಕ್ಕೂ ಬೆಲೆ ಏರುತ್ತದೆ.

ನಮ್ಮ ಕಡೆಯ ಕೆರೆಯಲ್ಲೇ ಆಗಬೇಕು ಅಂದರೆ ಗುತ್ತಿಗೆ ಯಾರದ್ದು ಅಂತ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ತಿಳಿದುಕೊಳ್ಳಿ. ಗುತ್ತಿಗೆದಾರನ ಹತ್ತಿರ ಬರೆಸಿಕೊಳ್ಳಿ, ಬಾಯಿಮಾತು ಬೇಡ, ಕಾವಲಿನವನಿಗೆ ಬಾಯಿಮಾತು ತಲುಪಿರಲ್ಲ. ಮಳೆಗಾಲ ಬಿಟ್ಟು ಬನ್ನಿ, ಆಗ ಮೀನು ಮೊಟ್ಟೆ ಇಡುವ ಸಮಯ. ಬಿರುಬೇಸಿಗೆಯೂ ಬೇಡ, ನೀರು ಬಿಸಿಯಾಗಿ ಬಿಟ್ಟ ಮೀನು ಬದುಕಲ್ಲ. ಐಸ್ ಬಾಕ್ಸ್ ತರಬೇಡಿ, ಅದನ್ನು ನೋಡಿದರೆ ನಿಮ್ಮ ಮಾತು ಯಾರೂ ನಂಬಲ್ಲ. ಮೀನು ತಿನ್ನಬೇಕು ಅನ್ನಿಸಿದರೆ ಹೊಗೇನಕಲ್‌ಗೆ ಹೋಗಿ, ಅಲ್ಲಿ ಹೆಂಗಸರು ಕಾವಲಿ ಮೇಲೆ ಹುರಿದು ಕೊಡುತ್ತಾರೆ. ರೇಟು ಮೊದಲೇ ಮಾತಾಡಿಕೊಳ್ಳಿ.