ಸುತ್ತಿಗೆ ಯಂತ್ರಕ್ಕೆ ಕಸುವಿಲ್ಲ, ಏಕೆ?

ಪ್ರಶ್ನೆ: ಗುಜರಿಯಿಂದ ತಂದ, ಕಾದ ಕಬ್ಬಿಣ ಬಡಿಯುವ ಹಳೇ ಸ್ಪ್ರಿಂಗ್ ಪವರ್ ಹ್ಯಾಮರ್‌ಗೆ 1440 ಆರ್‌ಪಿಎಂ ಮೋಟರ್ ಕೂರಿಸಿದ್ದೇನೆ. ಮಚ್ಚು ಮಾಡಲು 20 ಮಿ.ಮೀ. ದಪ್ಪದ ಪಟ್ಟಿ ಇಟ್ಟರೆ ಏಟು ಬೀಳದೆ ಬರೀ ತಟ್ಟುತ್ತದೆ. ಮೋಟರ್ ಬದಲಿಸಲೇ?
– ಓದುಗರು, ಪೀಣ್ಯ, ಬೆಂಗಳೂರು

ಉತ್ತರ: ಬೇಡ. ಕರೆಂಟ್ ತೆಗೆದು, ಚಕ್ರವನ್ನು ಕೈಯಲ್ಲೇ ತಿರುಗಿಸಿ ಕ್ರ್ಯಾಂಕನ್ನು (ಸುತ್ತಿಗೆಯನ್ನು ಮೇಲೆ ಕೆಳಗೆ ಆಡಿಸುವ ತಿರುಗು ತೋಳು) ಕೆಳತುದಿಗೆ ತನ್ನಿ. ಎರಡೂ ಡೈ (ಪಟ್ಟಿಯನ್ನು ನಡುವೆ ಇಟ್ಟು ಬಡಿಯುವ ಮೇಲಿನ, ಕೆಳಗಿನ ಉಕ್ಕಿನ ತುಂಡು) ತಾಗಿಕೊಂಡಿದ್ದರೆ ರೋಗ ಅಲ್ಲೇ ಇದೆ: ದಪ್ಪ ಪಟ್ಟಿ ಇಟ್ಟಾಗ ಸುತ್ತಿಗೆಗೆ ಬೀಸಿ ಬಡಿಯಲು ಜಾಗವಿರುವುದಿಲ್ಲ. ಕ್ರ್ಯಾಂಕಿನ ಚಲನೆಯನ್ನು ಸುತ್ತಿಗೆಗೆ ಮುಟ್ಟಿಸುವ ಕನೆಕ್ಟಿಂಗ್ ರಾಡ್ ಸಡಿಲಿಸಿ ಸುತ್ತಿಗೆ ಎತ್ತಿ. ಸಂದು ಹೆಚ್ಚುಕಡಿಮೆ ಪಟ್ಟಿಯ ದಪ್ಪದಷ್ಟಿರಲಿ. ಆಮೇಲೆ ಸ್ಪ್ರಿಂಗ್ ನಟ್ಟನ್ನು ಅರ್ಧರ್ಧ ಸುತ್ತು ತಿರುಗಿಸಿ ನೋಡಿ. ತೀರಾ ಬಿಗಿಯಾದರೆ ಸುತ್ತಿಗೆಯ ಚಾಟಿಯಂಥ ಬೀಸು ಸಾಯುತ್ತದೆ, ಸಡಿಲವಾದರೆ ಏಟಿನ ಲಯ ತಪ್ಪುತ್ತದೆ.

ಯಂತ್ರದ ಚಕ್ರದ ವ್ಯಾಸ 460 ಮಿ.ಮೀ. ಇದ್ದರೆ ಮೋಟರ್‌ಗೆ 80 ಮಿ.ಮೀ. ಪುಲ್ಲಿ, ನಿಮಿಷಕ್ಕೆ ಸುಮಾರು 250 ಏಟು. ಹಳೇ ಎರಕದ ಯಂತ್ರಕ್ಕೆ ಅಷ್ಟು ಸಾಕು, ವೇಗದ ಚಪಲ ಬೇಡ! ಖಾಲಿ ಡೈ ಮೇಲಾಗಲಿ, ಕೆಂಪು ಆರಿದ ಪಟ್ಟಿಯ ಮೇಲಾಗಲಿ ಬಡಿಸಬೇಡಿ.