‘ಬಚ್ಚಲಲ್ಲಿ ಜಾರಿ ಬಿದ್ದೆ’ ಅಂದವಳನ್ನು ಮುಂದೆ ಏನು ಕೇಳಲಿ?

ಪ್ರಶ್ನೆ: ಮೇಡಂ, ನಾನು ಹಳ್ಳಿಯೊಂದರ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ನರ್ಸ್. ಐದು ತಿಂಗಳ ಗರ್ಭಿಣಿಯೊಬ್ಬಳ ಮುಂಗೈ ಮೇಲೆ ಕಂದಿದ ಗುರುತಿತ್ತು. ಕೇಳಿದರೆ, ಪಕ್ಕದಲ್ಲಿದ್ದ ಗಂಡನ ಮುಖ ನೋಡಿ ‘ಬಚ್ಚಲಲ್ಲಿ ಜಾರಿ ಬಿದ್ದೆ ಸಿಸ್ಟರ್’ ಅಂದಳು. ಇದು ಮನೆ ವಿಷಯ ಅಲ್ವಾ, ನಾವು ಕೈಹಾಕಬಹುದಾ?

ಉತ್ತರ: ಖಂಡಿತ ಹಾಕಬಹುದು ಸಿಸ್ಟರ್, ಆದರೆ ಗಂಡನ ಎದುರು ಬೇಡ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವರ್ಷದ ಹೆಂಗಸರ ಪೈಕಿ ಗಂಡನಿಂದ ಹಿಂಸೆ ಆಗಿದೆ ಎಂದವರು ದೇಶದಲ್ಲಿ ಶೇ. 29, ಕರ್ನಾಟಕದಲ್ಲಿ ಶೇ. 44. ಅಂದರೆ ನಿಮ್ಮ ಓಪಿಡಿ ಸಾಲಿನಲ್ಲಿ ದಿನಾ ಇಂಥವರು ನಿಂತಿರುತ್ತಾರೆ.

ಹಾಗಂತ ಬಂದವರನ್ನೆಲ್ಲ ಕೇಳುತ್ತಾ ಹೋಗಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ: ಅನುಮಾನಕ್ಕೆ ಕಾರಣ ಇದ್ದಾಗ ಕೇಳಿ. (ಎಲ್ಲರನ್ನೂ ಕೇಳಬೇಕು ಅಂತಾದರೆ ಅದು ಫಾರಂನಲ್ಲಿ ಟಿಕ್ ಹಾಕುವ ಕೆಲಸ ಆಗಿಬಿಡುತ್ತದೆ, ನಮ್ಮ ಫಾರಂಗಳ ಗತಿ ನಿಮಗೇ ಗೊತ್ತು.) ಗರ್ಭಿಣಿಯರ ವಿಷಯದಲ್ಲಿ ಮಾತ್ರ ಸ್ವಲ್ಪ ಜಾಸ್ತಿ ಎಚ್ಚರ ಇರಲಿ.

ಯಾವಾಗ ಅನುಮಾನ ಪಡಬೇಕು? ಹೇಳುವ ಕಥೆಗೂ ಪೆಟ್ಟಿಗೂ ತಾಳೆಯಾಗದಿದ್ದರೆ. ಜಾರಿ ಬಿದ್ದವರು ಸಾಮಾನ್ಯವಾಗಿ ಅಂಗೈ ಊರುತ್ತಾರೆ, ಹೊಡೆತ ತಡೆಯಲು ಕೈ ಎತ್ತಿದವರಿಗೆ ಮುಂಗೈ ಹೊರಭಾಗಕ್ಕೆ ಪೆಟ್ಟು ಬೀಳುತ್ತದೆ. ಹಳೆಯ ಹಸಿರು ಕಲೆಯ ಪಕ್ಕದಲ್ಲೇ ಹೊಸ ನೀಲಿ ಕಲೆ, ಕಿವಿ, ಕುತ್ತಿಗೆ, ಎದೆ, ಹೊಟ್ಟೆ ಮೇಲಿನ ಗಾಯ, ಇವೂ ಅಷ್ಟೇ. ಆದರೆ ಎಷ್ಟೋ ಜನರಲ್ಲಿ ಗಾಯವೇ ಕಾಣುವುದಿಲ್ಲ. ತಲೆನೋವು, ಸೊಂಟನೋವು, ನಿದ್ದೆ ಇಲ್ಲ, ಬಿಳಿ ಸೆರಗು ಅಂತ ಮತ್ತೆ ಮತ್ತೆ ಬರುತ್ತಾರೆ, ಟೆಸ್ಟ್‌ನಲ್ಲಿ ಏನೂ ಸಿಗಲ್ಲ, ನಾವು ಬಿ-ಕಾಂಪ್ಲೆಕ್ಸ್ ಕೊಟ್ಟು ಕಳಿಸುತ್ತೇವೆ.

ಒಬ್ಬಳನ್ನೇ ಮಾತಾಡಿಸುವುದು ಕಷ್ಟವೇನಲ್ಲ. ‘ಹೊಟ್ಟೆ ಪರೀಕ್ಷೆ ಮಾಡಬೇಕು, ನೀವು ಹೊರಗೆ ಕೂತಿರಿ’ ಅಂದರೆ ಗಂಡನೂ ಎದ್ದು ಹೋಗುತ್ತಾನೆ, ಅತ್ತೆಯೂ ಹೋಗುತ್ತಾರೆ. ಆಗ ನೇರವಾಗಿ ಕೇಳಿ: ‘ಇಂಥ ಗುರುತು ಇರುವ ಕೆಲವರಿಗೆ ಮನೇಲಿ ಹೊಡೆತ ಬಿದ್ದಿರುತ್ತೆ. ನಿಮಗೂ ಹಾಗೇನಾದ್ರೂ ಆಗಿದೆಯಾ? ಮನೆಗೆ ಹೋಗೋಕೆ ಭಯ ಇದೆಯಾ?’ ಇಲ್ಲ ಅಂದರೆ ಒತ್ತಾಯ ಬೇಡ. ‘ಯಾವಾಗ ಬೇಕಾದ್ರೂ ಬಂದು ಹೇಳಿ’ ಅಂದು ಬಿಡಿ, ಮುಂದಿನ ತಪಾಸಣೆಗೆ ಅವಳು ಬಂದೇ ಬರುತ್ತಾಳೆ.

ಹೌದು ಅಂದರೆ ಮೊದಲು ಪೂರ್ತಿ ಕೇಳಿಸಿಕೊಳ್ಳಿ, ‘ಇದರಲ್ಲಿ ನಿಮ್ಮ ತಪ್ಪಿಲ್ಲ’ ಅನ್ನಿ. ‘ಹೊಂದಿಕೊಂಡು ಹೋಗಮ್ಮಾ’ ಅನ್ನಬೇಡಿ, ಗಂಡನನ್ನು ಒಳಗೆ ಕರೆದು ಬುದ್ಧಿ ಹೇಳುವ ಸಾಹಸವಂತೂ ಬೇಡವೇ ಬೇಡ. ರಾತ್ರಿ ಪೆಟ್ಟು ಬೀಳುವುದು ನಿಮಗಲ್ಲ, ಅವಳಿಗೆ. ತಾಯಿ ಕಾರ್ಡ್‌ನಲ್ಲಾಗಲಿ, ಮನೆಗೆ ಒಯ್ಯುವ ಚೀಟಿಯಲ್ಲಾಗಲಿ ಇದನ್ನು ಬರೆಯಬೇಡಿ. ಗಾಯ ಎಲ್ಲಿ, ಎಷ್ಟು ದೊಡ್ಡದು, ಅವಳು ಏನಂದಳು ಅನ್ನುವುದು ಆಸ್ಪತ್ರೆಯ ದಾಖಲೆಯಲ್ಲಿ ಮಾತ್ರ ಇರಲಿ, ಮುಂದೆ ಕೋರ್ಟಿಗೆ ಬೇಕಾಗಬಹುದು.

ಕುತ್ತಿಗೆ ಹಿಸುಕಿದ್ದಾನೆ ಅಂದರೆ ಮಾತ್ರ ತಡ ಮಾಡಬೇಡಿ. ಹೊರಗೆ ಗುರುತು ಇಲ್ಲದಿದ್ದರೂ ಒಳಗೆ ಪೆಟ್ಟಾಗಿರಬಹುದು. ದನಿ ಒಡೆದಿದ್ದರೆ, ನುಂಗಲು ಕಷ್ಟ ಆಗುತ್ತಿದ್ದರೆ ಆಗಲೇ ಡಾಕ್ಟರಿಗೆ ತೋರಿಸಿ ದೊಡ್ಡ ಆಸ್ಪತ್ರೆಗೆ ಕಳಿಸಿ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಇಂಥದ್ದನ್ನು ಹೇಳಿದರೆ ನಮ್ಮ ಮೇಲೇ ಕೇಸ್ ಆಗುತ್ತಾ?

ಉತ್ತರ: ಇಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಒಳ್ಳೆ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್, ಕ್ರಿಮಿನಲ್ ಯಾವ ಹೊಣೆಯೂ ಬರುವುದಿಲ್ಲ. ಮಾಹಿತಿ ಕೊಡಬೇಕಾದ್ದು ರಕ್ಷಣಾಧಿಕಾರಿಗೆ, ನಮ್ಮಲ್ಲಿ ಸಾಮಾನ್ಯವಾಗಿ ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ). ಆದರೆ ಅವಳ ಒಪ್ಪಿಗೆ ಕೇಳಿಯೇ ಹೇಳಿ. ನೀವೂ ಅದೇ ಊರಿನವರು, ಮಾತು ಬಾವಿಕಟ್ಟೆ ತಲುಪಿದರೆ ಅವಳು ಇನ್ನು ನಿಮ್ಮ ಹತ್ತಿರ ಬಾಯಿ ಬಿಡಲ್ಲ. 181 ಮಹಿಳಾ ಸಹಾಯವಾಣಿ ಮತ್ತು ಹಿಂಸೆಗೆ ಒಳಗಾದ ಹೆಂಗಸರಿಗೆ ನೆರವಾಗುವ ಜಿಲ್ಲೆಯ ‘ಸಖಿ’ ಕೇಂದ್ರದ ವಿಷಯ ಬಾಯಲ್ಲೇ ತಿಳಿಸಿ. ನಂಬರ್ ಬರೆದುಕೊಟ್ಟರೆ ಅವಳಿಗೆ ತೊಂದರೆ ಆಗುತ್ತಾ ಅಂತ ಮೊದಲು ಅವಳನ್ನೇ ಕೇಳಿ.